‘ನಾಕಾಣಿ ಆರಾಮ’ ಅಂದರೆ ಎಷ್ಟು? ಗುರಿ ಹಾಕುವುದು, ಬದಲಾವಣೆ ಅಳೆಯುವುದು

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿ ಒಂದು ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತೆ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ (ಎಂಎಸ್‌ಡಬ್ಲ್ಯೂ) ಮುಗಿಸಿ ಎರಡು ವರ್ಷವಾಯಿತು. 38 ಕುಟುಂಬಗಳು ನನ್ನ ಪಾಲಿಗಿವೆ. ಪ್ರತಿ ತಿಂಗಳ ರಿಪೋರ್ಟಿನಲ್ಲಿ ‘ಗುರಿ’ ಎಂದು ಒಂದು ಕಾಲಂ, ‘ಪ್ರಗತಿ ಶೇಕಡಾ’ ಎಂದು ಇನ್ನೊಂದು ಕಾಲಂ ತುಂಬಬೇಕು. ಒಂದು ಮನೆಯ ಉದಾಹರಣೆ ಕೊಡುತ್ತೇನೆ. ತಂದೆ ದಿನಾ ಕುಡಿಯುತ್ತಾನೆ, ತಾಯಿ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಾಳೆ, 13 ವರ್ಷದ ಮಗ ಶಾಲೆ ಬಿಟ್ಟು ಗ್ಯಾರೇಜಿಗೆ ಹೋಗುತ್ತಾನೆ. ಒಂಬತ್ತು ತಿಂಗಳಿಂದ ಆ ಮನೆಗೆ ಹೋಗಿ ಬರುತ್ತಿದ್ದೇನೆ. ಗುರಿ ‘ಕುಟುಂಬದ ಸಬಲೀಕರಣ’, ಪ್ರಗತಿ ‘ಶೇ. 60’ ಎಂದು ಬರೆದಿದ್ದೇನೆ. ಆ 60 ಎಲ್ಲಿಂದ ಬಂತೆಂದು ನನಗೇ ಗೊತ್ತಿಲ್ಲ. ಗುರಿ ಹಾಕುವುದು ಹೇಗೆ? ಮನುಷ್ಯರನ್ನು ಬರೀ ಅಂಕಿ ಮಾಡಿಬಿಡದೆ ಅವರ ಬದಲಾವಣೆ ಅಳೆಯುವುದು ಹೇಗೆ?

ಉತ್ತರ: ‘ನನಗೇ ಗೊತ್ತಿಲ್ಲ’ ಎಂದು ಬರೆದಿದ್ದೀರಲ್ಲ, ಆ ಸಾಲಿಗಾಗಿ ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿ ಈಗ ಹೊಸಬರಿಗೆ ಫೀಲ್ಡ್‌ವರ್ಕ್ ಹೇಳಿಕೊಡುತ್ತಿದ್ದೇನೆ. ನನ್ನ ಮುಂದೆ ಬರುವ ಕೇಸ್ ಫೈಲುಗಳ ಗುರಿಯ ಕಾಲಂನಲ್ಲಿ ಬಹುತೇಕ ಮೂರೇ ಮಾತು ಇರುತ್ತವೆ: ಸಬಲೀಕರಣ, ಪುನರ್ವಸತಿ, ಜಾಗೃತಿ. ಮೂರೂ ಒಳ್ಳೆಯ ಮಾತುಗಳೇ. ಆದರೆ ಒಂದು ಮನೆಯ ಹೊಸ್ತಿಲಲ್ಲಿ ನಿಂತು ನೋಡಿದರೆ ಮೂರೂ ಕಣ್ಣಿಗೆ ಬೀಳುವುದಿಲ್ಲ. ಕಾಣದ್ದಕ್ಕೆ ಶೇಕಡಾ ಕೇಳಿದರೆ ಯಾರಾದರೂ ಅಂದಾಜು ಹೊಡೆಯಲೇಬೇಕಾಗುತ್ತದೆ. ಹಾಗಾಗಿ ನೀವು ಸುಳ್ಳು ಬರೆದಿರಿ ಎಂದು ನೊಂದುಕೊಳ್ಳಬೇಡಿ. ನಿಮ್ಮ ಕೈಗೆ ಕೊಟ್ಟ ಅಳತೆಗೋಲಿನ ಮೇಲೆ ಗೆರೆಗಳೇ ಇರಲಿಲ್ಲ.

ಗೆರೆ ಎಳೆಯುವುದನ್ನು ನನಗೆ ಕಲಿಸಿದ್ದು ಜೇವರ್ಗಿ ಕಡೆಯ ಒಬ್ಬ ತಾಯಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಹೇಳುತ್ತೇನೆ. ಆಕೆಯ 24 ವರ್ಷದ ಮಗನಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ. ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧ ಶುರುವಾಗಿ ಎರಡು ತಿಂಗಳಾಗಿತ್ತು. ನಾನು ಕ್ಲಾಸಿನಲ್ಲಿ ಕಲಿತಿದ್ದಂತೆ, ‘ಸೊನ್ನೆಯಿಂದ ಹತ್ತರವರೆಗೆ ಅಳೆದರೆ ಮಗ ಈಗ ಎಲ್ಲಿದ್ದಾನೆ?’ ಎಂದು ಕೇಳಿದೆ. ಅಮೆರಿಕದ ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ದಂಪತಿ ಬಳಕೆಗೆ ತಂದ ಪ್ರಶ್ನೆ ಇದು, ಜಗತ್ತಿನಾದ್ಯಂತ ನಡೆಯುತ್ತದೆ. ಆ ತಾಯಿಯ ಮುಂದೆ ಮಾತ್ರ ನಡೆಯಲಿಲ್ಲ. ಆಕೆ ಶಾಲೆಯ ಮುಖ ಕಂಡವಳಲ್ಲ. ನನ್ನ ಮುಖ ನೋಡಿದಳು, ಸೆರಗು ಸರಿಮಾಡಿಕೊಂಡಳು, ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ, ‘ರೂಪಾಯ್ದಾಗ ನಾಕಾಣಿ ಆರಾಮ ಆಗ್ಯಾನ್ರೀ’ ಅಂದಳು.

ನಮ್ಮ ಕಡೆ ಬೆಳೆಯ ಅಂದಾಜು ಇವತ್ತಿಗೂ ಆಣೆಯಲ್ಲೇ ನಡೆಯುತ್ತದೆ. ‘ಈ ಸಲ ತೊಗರಿ ಆರಾಣಿ ಬಂದದ’ ಅಂದರೆ ಹದಿನಾರಾಣೆ ಬರಬೇಕಿದ್ದದ್ದು ಅಷ್ಟಕ್ಕೇ ನಿಂತಿತು ಎಂದು ಹೊಲ ಇದ್ದವರಿಗೂ ಇಲ್ಲದವರಿಗೂ ಅರ್ಥವಾಗುತ್ತದೆ. ಅಂದರೆ ಅಳತೆಗೋಲು ಆಕೆಯ ಹತ್ತಿರ ಮೊದಲೇ ಇತ್ತು, ನಾನು ಹೊರಗಿನದೊಂದನ್ನು ಹೊತ್ತುಕೊಂಡು ಹೋಗಿದ್ದೆ.

‘ಆ ನಾಕಾಣಿ ಯಾವುದ್ರಾಗ ಕಾಣಿಸ್ತು ಯವ್ವಾ?’

‘ಮುಂಜಾನಿ ತಾನೇ ಏಳ್ತಾನ, ಮಾರಿ ತೊಳ್ಕೋತಾನ. ರಾತ್ರಿ ಬಾಗಲಾ ತಗದು ಹೋಗೋದು ಬಿಟ್ಟಾನ.’

‘ಎಂಟಾಣಿ ಆಗಬೇಕಂದ್ರ ಏನಾಗಬೇಕು?’

‘ದನಕ್ಕ ನೀರ ಕುಡಿಸ್ಕೊಂಡು ಬಂದ್ರ ಸಾಕ್ರೀ. ಊರ ಮಂದಿ ನೋಡ್ತಾರ. ನನಗೂ ಹೊಲಕ್ಕ ಹೋಗ್ಲಾಕ ಬರ್ತದ.’

ಆಗ ನನ್ನ ಫೈಲಿನಲ್ಲಿದ್ದ ಗುರಿ ‘ಔಷಧ ಪಾಲನೆ ಮತ್ತು ವೃತ್ತಿ ಪುನರ್ವಸತಿ’. ಆಕೆಯ ಗುರಿ ದನಕ್ಕೆ ನೀರು. ಎರಡೂ ಒಂದೇ ದಿಕ್ಕಿಗೆ ಮುಖ ಮಾಡಿವೆ ಎಂಬುದು ನಿಜ. ಆದರೆ ಮೊದಲನೆಯದು ನಡೆದಿದೆಯೋ ಇಲ್ಲವೋ ಎಂದು ನಾನು ಹೇಳಬೇಕು. ಎರಡನೆಯದನ್ನು ಆ ತಾಯಿ ಹೇಳಬಲ್ಲಳು, ಮಗ ಹೇಳಬಲ್ಲ, ಬಾವಿಯ ಹತ್ತಿರ ನಿಂತ ಪಕ್ಕದ ಮನೆಯವರೂ ಹೇಳಬಲ್ಲರು. ಒಳ್ಳೆಯ ಗುರಿಗೆ ನಾನು ಇಡುವ ಪರೀಕ್ಷೆ ಇದೇ: ನೀವು ಆ ಊರಿಗೆ ಹೋಗದ ದಿನವೂ ಅದು ಆಯಿತೋ ಇಲ್ಲವೋ ಎಂದು ಆ ಮನೆಯವರು ತಾವೇ ಹೇಳುವಂತಿರಬೇಕು.

ಆಕೆಯ ಮಾತನ್ನು ನಾನು ಐದು ಮೆಟ್ಟಿಲು ಮಾಡಿದೆ. ಇದಕ್ಕೆ ನಮ್ಮ ಶಾಸ್ತ್ರದಲ್ಲಿ ಒಂದು ಹಳೆಯ, ಗಟ್ಟಿಯಾದ ದಾರಿ ಇದೆ. 1968ರಲ್ಲಿ ಥಾಮಸ್ ಕಿರೆಸುಕ್ ಮತ್ತು ರಾಬರ್ಟ್ ಶೆರ್ಮನ್ ಎಂಬಿಬ್ಬರು ಸಮುದಾಯ ಮಾನಸಿಕ ಆರೋಗ್ಯದ ಕೆಲಸಕ್ಕಾಗಿ ರೂಪಿಸಿದ, ಗುರಿ ಎಷ್ಟು ಮುಟ್ಟಿತೆಂದು ಅಳೆಯುವ ‘ಗೋಲ್ ಅಟೈನ್‌ಮೆಂಟ್ ಸ್ಕೇಲಿಂಗ್’. ನಡುವಿನ ಮೆಟ್ಟಿಲು ಸೊನ್ನೆ. ಇಷ್ಟು ದಿನದಲ್ಲಿ ಇಷ್ಟಾಗಬಹುದು ಎಂದು ಇಬ್ಬರೂ ಕೂಡಿ ಒಪ್ಪಿಕೊಂಡ ಮಟ್ಟ ಅದು. ಅದಕ್ಕಿಂತ ಮೇಲೆ ಎರಡು, ಕೆಳಗೆ ಎರಡು. ಆ ಮನೆಯ ಮೆಟ್ಟಿಲುಗಳು ಹೀಗಿದ್ದವು. ಎಲ್ಲಕ್ಕಿಂತ ಕೆಳಗೆ, ಎಬ್ಬಿಸಿದರೂ ಏಳುವುದಿಲ್ಲ, ರಾತ್ರಿ ಮನೆ ಬಿಟ್ಟು ಹೋಗುತ್ತಾನೆ. ಅದರ ಮೇಲೆ ಅವತ್ತಿನ ಸ್ಥಿತಿ: ತಾನೇ ಎದ್ದು ಮುಖ ತೊಳೆಯುತ್ತಾನೆ, ಆದರೆ ಅಂಗಳ ದಾಟುವುದಿಲ್ಲ. ನಡುವಿನದು, ಮೂರು ತಿಂಗಳಲ್ಲಿ, ವಾರಕ್ಕೆ ಮೂರು ದಿನ ಒಬ್ಬನೇ ದನಕ್ಕೆ ನೀರು ಕುಡಿಸಿ ಬರುತ್ತಾನೆ. ಅದರ ಮೇಲೆ, ದಿನಾ ಹೋಗಿ ಬರುತ್ತಾನೆ. ಎಲ್ಲಕ್ಕಿಂತ ಮೇಲೆ, ಅಪ್ಪನ ಜೊತೆ ಹೊಲಕ್ಕೆ ಹೋಗಿ ಅರ್ಧ ದಿನ ಕೆಲಸ ಮಾಡುತ್ತಾನೆ. ಮೂರೂವರೆ ತಿಂಗಳಿಗೆ ಆತ ವಾರಕ್ಕೆ ನಾಲ್ಕು ದಿನ ಹೋಗತೊಡಗಿದ.

ಇದರ ನಿಜವಾದ ಉಪಯೋಗ ನನಗೆ ತಿಳಿದದ್ದು ಆತ ಮೇಲೇರಿದಾಗಲ್ಲ, ಇಳಿದಾಗ. ಆರನೇ ತಿಂಗಳು ಹೋದೆ. ಆಕೆ ಎದುರಾಗುತ್ತಲೇ ‘ಎಂಟಾಣಿ ಇದ್ದದ್ದು ಆರಾಣಿಗೆ ಬಂತ್ರೀ’ ಅಂದಳು. ಮೊದಲಾಗಿದ್ದರೆ ನಾನು ‘ಸುಧಾರಣೆ ಮುಂದುವರಿದಿದೆ’ ಎಂದು ಬರೆದು ಬರುತ್ತಿದ್ದೆ. ಈಗ ಯಾವ ಎರಡಾಣೆ ಹೋಯಿತು ಎಂದು ಕೇಳಿದೆ. ನೀರು ಕುಡಿಸುವುದು ಬಿಟ್ಟಿರಲಿಲ್ಲ, ನಿದ್ದೆ ಹೋಗಿತ್ತು. ಅಪ್ಪ ಗುಳೆ ಹೋದ ಮೇಲೆ ಆಸ್ಪತ್ರೆಗೆ ಕರೆದೊಯ್ಯುವವರಿಲ್ಲದೆ ಔಷಧ ಹದಿನೈದು ದಿನ ತಪ್ಪಿತ್ತು. ಆಶಾ ಕಾರ್ಯಕರ್ತೆಯ ಜೊತೆ ಮಾತಾಡಿ ಅದೇ ವಾರ ದಾರಿ ಮಾಡಿದೆವು. ರೋಗ ಪೂರ್ತಿ ಕೆದರಿ, ಆತ ಮತ್ತೆ ರಾತ್ರಿ ಬಾಗಿಲು ತೆಗೆದು ಹೋಗುವವರೆಗೆ ಕಾಯುವ ಗತಿ ಬರಲಿಲ್ಲ.

ಈಗ ನಿಮ್ಮ ಮನೆಗೆ ಬರೋಣ. ಅಲ್ಲಿ ಮೂವರಿದ್ದಾರೆ, ಮೂವರಿಗೂ ಸೇರಿಸಿ ಒಂದು ಗುರಿ ಹಾಕಿದ್ದೀರಿ. ಮೊದಲ ತೊಡಕು ಅಲ್ಲೇ ಇದೆ.

ಹುಡುಗನ ವಿಷಯದಲ್ಲಿ ಒಂದು ಮಾತನ್ನು ಮೊದಲೇ ಸ್ಪಷ್ಟ ಮಾಡಿಕೊಳ್ಳಿ. ನಾವು ಕೂಡಿ ಗುರಿ ಹಾಕುವುದು ಅಂದರೆ ಎಲ್ಲವನ್ನೂ ಚೌಕಾಸಿಗೆ ಇಡುವುದು ಎಂದಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನ ಮಗುವನ್ನು ಗ್ಯಾರೇಜಿನಂಥ ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಒಂಬತ್ತು ತಿಂಗಳಿಂದ ನೀವು ಇದನ್ನು ನೋಡುತ್ತಿದ್ದೀರಿ ಎಂದಾದರೆ ಮಕ್ಕಳ ಕಲ್ಯಾಣ ಸಮಿತಿಗೋ ಮಕ್ಕಳ ಸಹಾಯವಾಣಿ 1098ಕ್ಕೋ ತಿಳಿಸುವ ಹೊಣೆಯನ್ನು ಇನ್ನು ಮುಂದೂಡಬೇಡಿ. ಆ ವಿಷಯ ಮನೆಯವರಿಂದ ಮುಚ್ಚಿಡಲೂ ಬೇಡಿ. ‘ಗ್ಯಾರೇಜ್ ಬಿಡಬೇಕಾದದ್ದು ಕಾನೂನು, ಅದರಲ್ಲಿ ನನ್ನ ಕೈಯಲ್ಲೂ ಇಲ್ಲ, ನಿಮ್ಮ ಕೈಯಲ್ಲೂ ಇಲ್ಲ. ಬಿಟ್ಟ ಮೇಲೆ ಏನು ಎಂಬುದನ್ನು ಕೂತು ಮಾತಾಡೋಣ’ ಎಂದು ನೇರವಾಗಿ ಹೇಳಿ. ಗುರಿ ಹುಟ್ಟುವುದು ಆ ಎರಡನೇ ಮಾತಿನಲ್ಲಿ.

ಆ ಮಾತುಕತೆ ಹುಡುಗನ ಜೊತೆ ಒಂಟಿಯಾಗಿ ಆಗಲಿ. 2015ರ ಬಾಲನ್ಯಾಯ ಕಾಯ್ದೆ ತನ್ನ ಮೂಲ ತತ್ವಗಳಲ್ಲೇ, ಮಗುವಿಗೆ ತನ್ನ ಬಗೆಗಿನ ತೀರ್ಮಾನಗಳಲ್ಲಿ ಮಾತಾಡುವ ಹಕ್ಕಿದೆ ಎಂದು ಹೇಳುತ್ತದೆ. ಹಾಗಿದ್ದೂ ಎಷ್ಟೋ ಮಕ್ಕಳ ಯೋಜನೆಯನ್ನು ಮಗುವನ್ನು ಒಂದು ಮಾತೂ ಕೇಳದೆ ಬರೆದಿರುವುದನ್ನು ನಾನು ಕಂಡಿದ್ದೇನೆ. ಕೇಳಿದರೆ ಬರುವ ಉತ್ತರ ಹಲವು ಸಲ ನಮ್ಮ ಊಹೆಯದ್ದಾಗಿರುವುದಿಲ್ಲ. ‘ಮನ್ಯಾಗ ರೊಕ್ಕಿಲ್ಲ’ ಎಂದು ನಾವು ಅಂದುಕೊಂಡಿರುತ್ತೇವೆ. ‘ಏಳನೆತ್ತಿ (ಏಳನೇ ತರಗತಿ) ಅದೀನಿ, ಓದ್ಲಾಕ ಬರಲ್ಲ, ಎಲ್ಲಾರೂ ನಗ್ತಾರ’ ಎಂದು ತಲೆ ತಗ್ಗಿಸಿ ಹೇಳಿದ ಹುಡುಗರು ನನಗೆ ಒಬ್ಬಿಬ್ಬರಲ್ಲ. ಅಂಥವನಿಗೆ ‘ಹಾಜರಾತಿ ಶೇ. 80’ ಎಂಬ ಗುರಿ ಹಾಕಿದರೆ ನಾವು ಅವನನ್ನು ದಿನಾ ಅವಮಾನದ ಜಾಗಕ್ಕೆ ಕಳಿಸಿ ಎಣಿಸಿದಂತೆ. ಅವನ ಗುರಿ ಓದು. ಅದಕ್ಕೆ ಅಳತೆಯೂ ಸುಲಭ. ಪ್ರಥಮ್ ಸಂಸ್ಥೆ 2005ರಿಂದ, ಹಳ್ಳಿಯ ಮಕ್ಕಳ ಓದು, ಲೆಕ್ಕ ನೋಡುವ ಅಸರ್ ಸಮೀಕ್ಷೆಯಲ್ಲಿ ಬಳಸುವ ಓದಿನ ಹಾಳೆಯಲ್ಲಿ ನಾಲ್ಕು ಹಂತಗಳಿವೆ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಸಣ್ಣ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಐದು ನಿಮಿಷದಲ್ಲಿ ನೋಡಬಹುದು. ಇವತ್ತು ಪದಕ್ಕೆ ನಿಂತವನು ಮೂರು ತಿಂಗಳಲ್ಲಿ ಪ್ಯಾರಾ ಓದಿದರೆ ಅದು ಅವನಿಗೇ ಗೊತ್ತಾಗುತ್ತದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಮು ಹೇಳುತ್ತದೆ. ಅದನ್ನು ಮುಖ್ಯೋಪಾಧ್ಯಾಯರ ಹತ್ತಿರ ಕೇಳಿ ಪಡೆಯುವುದು ನಿಮ್ಮ ಪಾಲಿನ ಕೆಲಸ, ಹುಡುಗನದ್ದಲ್ಲ. ಫೈಲಿನಲ್ಲಿ ಅದನ್ನು ನಿಮ್ಮ ಹೆಸರಿನ ಮುಂದೆ ಬರೆದುಕೊಳ್ಳಿ.

ಇದು ಸಣ್ಣ ಸೂಚನೆಯಂತೆ ಕಾಣಬಹುದು, ಆದರೆ ನಾನು ಇದಕ್ಕೆ ಬಹಳ ತೂಕ ಕೊಡುತ್ತೇನೆ. 1972ರಲ್ಲಿ ವಿಲಿಯಂ ರೀಡ್ ಮತ್ತು ಲಾರಾ ಎಪ್‌ಸ್ಟೈನ್ ‘ಕಾರ್ಯಕೇಂದ್ರಿತ’ ಸಮಾಜಕಾರ್ಯವನ್ನು ಮುಂದಿಟ್ಟಾಗ ಅದರ ತಿರುಳು ಇಷ್ಟೇ: ಸಮಸ್ಯೆ ಯಾವುದು ಎಂದು ಸೇವಾರ್ಥಿಯೇ (ನಮ್ಮ ನೆರವು ಪಡೆಯುವವರೇ) ಹೇಳಬೇಕು, ಅದನ್ನು ಸಣ್ಣ ಕೆಲಸಗಳಾಗಿ ಒಡೆಯಬೇಕು, ಅವರ ಕೆಲಸ ಯಾವುದು, ನಮ್ಮ ಕೆಲಸ ಯಾವುದು ಎಂದು ಹಂಚಿಕೊಳ್ಳಬೇಕು, ಮುಗಿಸುವ ದಿನ ಮೊದಲೇ ಗೊತ್ತಿರಬೇಕು. ಮುಂದಿನ ಭೇಟಿಯಲ್ಲಿ ಮೊದಲು ನಮ್ಮ ಪಾಲಿನದ್ದು ಆಗಿದೆಯೇ ಎಂದು ನಾವೇ ಹೇಳಬೇಕು. ಶಾಲೆಗೆ ಹೋಗಿ ಮಾತಾಡುತ್ತೇನೆ ಎಂದು ಹೇಳಿ ಬಂದ ನಾವು ಹೋಗದೆ, ‘ಕುಟುಂಬ ಸಹಕರಿಸುತ್ತಿಲ್ಲ’ ಎಂದು ಬರೆದ ಫೈಲುಗಳು ಬೇಕಾದಷ್ಟಿವೆ. ಆ ವಾಕ್ಯವನ್ನು ನನ್ನ ವಿದ್ಯಾರ್ಥಿಗಳಿಗೆ ನಾನು ಬರೆಯಲು ಬಿಡುವುದಿಲ್ಲ.

ತಾಯಿಯ ಹತ್ತಿರ ಗುರಿ ಕೇಳಿದರೆ ಮೊದಲ ಉತ್ತರ ಬಹುಶಃ ‘ಅವರು ಕುಡಿಯೋದು ಬಿಡಬೇಕು’. ಅದು ಆಕೆಯ ಆಸೆ, ನೂರಕ್ಕೆ ನೂರು ನ್ಯಾಯವಾದ ಆಸೆ. ಆದರೆ ಅದು ಆಕೆಯ ಕೈಯಲ್ಲಿಲ್ಲ. ಗಂಡನ ಕುಡಿತವನ್ನು ಹೆಂಡತಿಯ ಗುರಿಯಾಗಿ ಬರೆದರೆ, ಅವನು ಕುಡಿದು ಬಂದ ಪ್ರತಿ ದಿನವೂ ಆಕೆಯ ಸೋಲಾಗಿ ನಮ್ಮ ಕಡತದಲ್ಲಿ ದಾಖಲಾಗುತ್ತದೆ. ಹಾಗಾಗಿ ಇನ್ನೊಂದು ಪ್ರಶ್ನೆ ಕೇಳಿ: ‘ಅವ್ರು ನಾಳಿಂದ ಕುಡಿಯೋದು ಬಿಟ್ರು ಅಂತ ಇಟ್ಕೋರಿ, ನಿಮ್ಮ ದಿನ ಹ್ಯಾಂಗ ಬದಲಾಗ್ತದ?’ ಆಗ ಆಕೆಯ ಸ್ವಂತದ್ದು ಹೊರಗೆ ಬರುತ್ತದೆ. ರಾತ್ರಿ ನಿದ್ದೆ ಬರುತ್ತದೆ, ಕೂಲಿಯ ದುಡ್ಡು ಕೈಯಲ್ಲಿ ಉಳಿಯುತ್ತದೆ, ತವರಿಗೆ ಹೋಗಿ ಬರಬಹುದು. ಇವುಗಳಲ್ಲಿ ಅವನು ಬಿಡುವವರೆಗೂ ಕಾಯದೆ ಶುರು ಮಾಡಬಹುದಾದದ್ದು ಯಾವುದೆಂದು ಇಬ್ಬರೂ ಹುಡುಕಿ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಆಕೆಯ ಖಾತೆಗೆ ಬರುತ್ತಿದ್ದರೆ ಎಟಿಎಂ ಕಾರ್ಡ್ ಯಾರ ಜೇಬಿನಲ್ಲಿರುತ್ತದೆ ಎಂದು ಕೇಳಿ. ಕಾರ್ಡ್ ಇವತ್ತು ಗಂಡನ ಹತ್ತಿರ ಇದ್ದು, ಮೂರು ತಿಂಗಳ ಮೇಲೆ ಆಕೆಯ ಹತ್ತಿರ ಬಂದರೆ, ‘ಸಬಲೀಕರಣ’ ಎಂಬ ಮಾತು ಬರೆಯದೆಯೂ ಅದು ನಿಮ್ಮ ಕಾಗದದ ಮೇಲೆ ಕಾಣುತ್ತದೆ.

ಎಣಿಕೆಗೆ ಓದು ಬರಹ ಬೇಕಿಲ್ಲ. ಚಿಂಚೋಳಿ ಕಡೆಯ ಒಬ್ಬಾಕೆಗೆ ನಾನು ಎರಡು ಸಣ್ಣ ಡಬ್ಬಿ ಕೊಟ್ಟಿದ್ದೆ. ಮಲಗಿದ ರಾತ್ರಿ ನಿದ್ದೆ ಬಂದಿದ್ದರೆ ಮುಂಜಾನೆ ಒಲೆ ಹಚ್ಚುವ ಮೊದಲು ಒಂದು ತೊಗರಿ ಕಾಳು ಬಿಳಿ ಡಬ್ಬಿಗೆ, ಬರದಿದ್ದರೆ ಕೆಂಪು ಡಬ್ಬಿಗೆ. ತಿಂಗಳ ಕೊನೆಗೆ ಇಬ್ಬರೂ ಚಾಪೆ ಮೇಲೆ ಸುರಿದು ಎಣಿಸುತ್ತಿದ್ದೆವು. ಮೊದಲ ತಿಂಗಳು ಬಿಳಿಯದರಲ್ಲಿ ಒಂಬತ್ತು ಕಾಳು. ನಾಲ್ಕನೆಯ ತಿಂಗಳು ಹತ್ತೊಂಬತ್ತು. ಆಕೆ ಅವನ್ನು ಅಂಗೈಯಲ್ಲಿ ಹಿಡಿದು ಒಂದಷ್ಟು ಹೊತ್ತು ನೋಡಿದಳು. ಕೌನ್ಸೆಲಿಂಗ್‌ನಲ್ಲಿ ನಾನು ಆಡಿದ ಯಾವ ಮಾತನ್ನೂ ಆಕೆ ಹಾಗೆ ಹಿಡಿದುಕೊಂಡದ್ದು ನನಗೆ ನೆನಪಿಲ್ಲ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಮರೆಯಬೇಡಿ. ಆ ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಡಬ್ಬಿ, ಕ್ಯಾಲೆಂಡರ್ ಗುರುತು, ಚೀಟಿ ಯಾವುದನ್ನೂ ಮನೆಯಲ್ಲಿ ಬಿಡಬೇಡಿ. ಅದು ಗಂಡನ ಕಣ್ಣಿಗೆ ಬಿದ್ದರೆ ಆಕೆಯ ಮೈಮೇಲೆ ಬರುತ್ತದೆ. ಎಷ್ಟು ಸಲ ಹೊಡೆದ ಎಂಬ ಎಣಿಕೆಯನ್ನೂ ಪ್ರಗತಿಯ ಅಳತೆಯಾಗಿ ನಂಬಬೇಡಿ. ಹೆದರಿ ಬಾಯಿ ಮುಚ್ಚಿಕೊಂಡಿದ್ದರೂ ಹೊಡೆತ ಕಡಿಮೆಯಾಗುತ್ತದೆ. ಅಂಕಿ ಇಳಿದಿರುತ್ತದೆ, ಆಕೆ ಇನ್ನಷ್ಟು ಮುದುಡಿರುತ್ತಾಳೆ. ಅಲ್ಲಿ ನೋಡಬೇಕಾದದ್ದು ಬೇರೆ: ರಾತ್ರಿ ಬಾಗಿಲು ತಟ್ಟಿದರೆ ತೆಗೆಯುವ ಒಂದು ಮನೆ ಊರಲ್ಲಿ ಇದೆಯೇ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಸುರಕ್ಷಿತ ಜಾಗದಲ್ಲಿವೆಯೇ, ಮಹಿಳಾ ಸಹಾಯವಾಣಿ 181 ನೆನಪಿದೆಯೇ, ಹಿಂಸೆಗೊಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರ ಎಲ್ಲಿದೆ ಎಂದು ಗೊತ್ತೇ, ಮಗನಿಗೆ ಆಗ ಏನು ಮಾಡಬೇಕೆಂದು ತಿಳಿದಿದೆಯೇ. ಹೌದು, ಇಲ್ಲ ಎಂದು ಐದು ಉತ್ತರ, ಅಷ್ಟೇ. ಬರೆದ ಹಾಳೆ ನಿಮ್ಮ ಕಚೇರಿಯ ಬೀಗದೊಳಗೆ ಇರಲಿ.

ತಂದೆ ನಿಮ್ಮ ಸೇವಾರ್ಥಿ ಆಗುವುದು ಅವನು ಬಾಯಿ ಬಿಟ್ಟ ದಿನ, ಅಲ್ಲಿಯವರೆಗೆ ಅವನ ಹೆಸರಿನಲ್ಲಿ ಗುರಿ ಬರೆಯಬೇಡಿ. ಆದರೆ ಮಾತಾಡಿಸುವುದನ್ನು ಬಿಡಬೇಡಿ. ಅವನು ಒಪ್ಪಿದರೆ ಕುಡಿತದ ಮಟ್ಟ ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಪ್ರಶ್ನಾವಳಿ ಇದೆ. ಹತ್ತು ಪ್ರಶ್ನೆ, ಒಟ್ಟು 40 ಅಂಕ, 8 ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಮಟ್ಟದಲ್ಲಿದೆ ಎಂಬ ಸೂಚನೆ. ಇದನ್ನು ಪ್ರತಿ ತಿಂಗಳು ತುಂಬಿಸಿ ಪ್ರಗತಿ ನೋಡುವವರನ್ನು ಕಂಡಿದ್ದೇನೆ. ಅದರ ಬಹಳಷ್ಟು ಪ್ರಶ್ನೆಗಳು ಕಳೆದ ಒಂದು ವರ್ಷದ ಬಗ್ಗೆ ಇರುವುದರಿಂದ ತಿಂಗಳಿಂದ ತಿಂಗಳಿಗೆ ಅದು ಅಲುಗಾಡುವುದೇ ಇಲ್ಲ. ಅದು ಶುರುವಿನಲ್ಲಿ ಒಮ್ಮೆ ಗುರುತಿಸಲು ಸಾಕು. ತಿಂಗಳಿಗೆ ಬೇಕಾದರೆ ಕುಡಿಯದ ದಿನಗಳನ್ನು ಎಣಿಸಿ. ಇನ್ನೊಂದು ಮಾತು: ವರ್ಷಗಟ್ಟಲೆ ದಿನಾ ಕುಡಿದವನಿಗೆ ‘ನಾಳೆಯಿಂದ ಬಂದ್’ ಎಂಬ ಗುರಿ ಹಾಕುವುದು ಅಪಾಯ. ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಕುತ್ತು ಬರಬಹುದು. ಅವನ ಮೊದಲ ಗುರಿ ವೈದ್ಯರ ಹತ್ತಿರ ಹೋಗುವುದೇ ಆಗಿರಲಿ.

ಖಿನ್ನತೆ ಅಳೆಯಲು ಬಳಸುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯ ಬಗ್ಗೆಯೂ ಒಂದು ಸಾಲು ಸೇರಿಸುತ್ತೇನೆ, ಏಕೆಂದರೆ ಕುಡಿತದ ಮನೆಗಳ ಹೆಂಗಸರಿಗೆ ಅದನ್ನು ಕೇಳುವ ಸಂದರ್ಭ ನಿಮಗೆ ಬಂದೇ ಬರುತ್ತದೆ. ಅದು ಕಳೆದ ಎರಡು ವಾರದ ಬಗ್ಗೆ ಕೇಳುತ್ತದೆ, ಒಟ್ಟು 27 ಅಂಕ. ಹಾಗಾಗಿ ತಿಂಗಳಿಗೊಮ್ಮೆ ಕೇಳಿ ಹೋಲಿಸಬಹುದು, 10 ಅಥವಾ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಬೇಕು. ಆದರೆ ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಒಟ್ಟು ಅಂಕ ಎಷ್ಟೇ ಕಡಿಮೆ ಇರಲಿ, ಆ ಪ್ರಶ್ನೆಗೆ ‘ಹೌದು’ ಎಂಬ ಅರ್ಥದ ಉತ್ತರ ಬಂದರೆ ಕೂಡಿಸುವುದನ್ನು ನಿಲ್ಲಿಸಿ, ಆಕೆಯ ಜೊತೆ ಕೂತುಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅಲ್ಲಿಂದಲೇ ಕರೆ ಮಾಡಬಹುದು. ಅವತ್ತೇ ಮನೆಯ ಒಬ್ಬರಿಗೆ, ನಿಮ್ಮ ಮೇಲಿನವರಿಗೆ, ವೈದ್ಯರಿಗೆ ತಿಳಿಯಬೇಕು.

ಯಾವಾಗ ಅಳೆಯಬೇಕು ಎಂಬುದನ್ನು ನೀವು ಕೇಳಿಲ್ಲ. ಆದರೆ ನಾನು ದೊಡ್ಡ ತಪ್ಪು ಮಾಡಿದ್ದು ಅಲ್ಲೇ. ಆಗ ನಾನಿದ್ದ ಸಂಸ್ಥೆಯಲ್ಲಿ ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಸೇರಿಸುವ ಟಾರ್ಗೆಟ್ ಇತ್ತು. ಚಿತ್ತಾಪುರ ತಾಲ್ಲೂಕಿನ ಒಂದು ತಾಂಡಾದ ಹನ್ನೊಂದು ವರ್ಷದ ಹುಡುಗಿಯನ್ನು ಜೂನ್‌ನಲ್ಲಿ ಶಾಲೆಗೆ ಸೇರಿಸಿದೆ. ಆಗಸ್ಟ್‌ನಲ್ಲಿ ಹಾಜರಿ ಪುಸ್ತಕ ನೋಡಿದೆ, ಒಂದು ದಿನವೂ ತಪ್ಪಿರಲಿಲ್ಲ. ‘ಗುರಿ ಸಾಧಿಸಲಾಗಿದೆ’ ಎಂದು ಬರೆದು ಫೈಲ್ ಮುಚ್ಚಿದೆ. ದೀಪಾವಳಿ ಮುಗಿದ ವಾರ ಬೇರೆ ಕೆಲಸಕ್ಕೆ ಆ ತಾಂಡಾಕ್ಕೆ ಹೋದರೆ ಮನೆಗೆ ಬೀಗ. ಪುಣೆಯ ಕಡೆ ಕಟ್ಟಡ ಕೆಲಸಕ್ಕೆ ಹೋದ ಅಪ್ಪ ಅವ್ವನ ಜೊತೆ, ಹಾಲು ಕುಡಿಯುವ ತಂಗಿಯನ್ನು ನೋಡಿಕೊಳ್ಳಲು ಅವಳೂ ಹೋಗಿದ್ದಳು. ಮರಳಿದ್ದು ಯುಗಾದಿಗೆ. ನಮ್ಮ ಕಡೆಯ ಜಿಲ್ಲೆಗಳಲ್ಲಿ ಗುಳೆಯ ತಿಂಗಳು ಯಾವುದು ಎಂದು ಗೊತ್ತಿದ್ದೂ ನಾನು ಅದರ ಮೊದಲು ಅಳೆದು ಗೆದ್ದೆ ಎಂದುಕೊಂಡೆ. ಅವಳಿಗೆ ಬೇಕಾಗಿದ್ದ ಗುರಿ, ಅಪ್ಪ ಅವ್ವ ಗುಳೆ ಹೋದಾಗ ಅವಳು ಎಲ್ಲಿರುತ್ತಾಳೆ ಎಂಬುದು. ಅಜ್ಜಿಯ ಹತ್ತಿರವೋ, ಗುಳೆ ಹೋಗುವವರ ಮಕ್ಕಳಿಗೆಂದು ನಡೆಸುವ ಹಂಗಾಮಿ ವಸತಿ ಶಾಲೆಯಲ್ಲೋ. ಆ ಮಾತನ್ನು ನಾನು ಎತ್ತಲೇ ಇಲ್ಲ. ಆ ಬೀಗ ಈಗಲೂ ಕಣ್ಣಿಗೆ ಕಟ್ಟುತ್ತದೆ.

ಅವತ್ತಿನಿಂದ ಅಳತೆಯ ದಿನವನ್ನು ಹಂಗಾಮು ನೋಡಿ ಇಡುತ್ತೇನೆ. ಹತ್ತಿ, ತೊಗರಿ ಬಿಡಿಸುವಾಗ ಕೈಯಲ್ಲಿ ದುಡ್ಡಿರುತ್ತದೆ, ಕುಡಿತವೂ ಹೆಚ್ಚಿರಬಹುದು, ಎರಡೂ ನಿಮ್ಮ ಕೆಲಸದ ಫಲವಲ್ಲ. ಏಪ್ರಿಲ್, ಮೇ ಬಿಸಿಲಲ್ಲಿ ಕೂಲಿ ಇರುವುದಿಲ್ಲ, ಸಾಲ ಬೆಳೆಯುತ್ತದೆ, ಅದೂ ನಿಮ್ಮ ಸೋಲಲ್ಲ. ಹಾಗಾಗಿ ಹೋಲಿಸುವುದಾದರೆ ಈ ಎಳ್ಳಮಾವಾಸ್ಯೆಯನ್ನು ಹೋದ ಎಳ್ಳಮಾವಾಸ್ಯೆಗೆ ಹೋಲಿಸಿ. ಅಳತೆಯ ಪಕ್ಕದಲ್ಲಿ ಆ ತಿಂಗಳು ಆ ಮನೆಯಲ್ಲಿ ಮತ್ತೇನಾಯಿತು ಎಂದು ಒಂದು ಸಾಲು ಬರೆಯಿರಿ: ಮಗಳ ಬಾಣಂತನ, ಬಾಕಿ ಇದ್ದ ದುಡ್ಡು ಒಮ್ಮೆಲೇ ಬಂದದ್ದು, ಊರಲ್ಲಿ ಜಾತ್ರೆ. ಒಳ್ಳೆಯದಾದದ್ದೆಲ್ಲ ನಮ್ಮಿಂದಲೇ ಆಯಿತು ಎಂದು ಬರೆದುಕೊಂಡರೆ ನಮಗೆ ಏನೂ ತಿಳಿಯುವುದಿಲ್ಲ.

ಶುರುವಿನಲ್ಲಿ ಹೇಗಿತ್ತು ಎಂದು ಬರೆದಿಟ್ಟಿಲ್ಲದ್ದಕ್ಕೆ ಒಂಬತ್ತು ತಿಂಗಳು ವ್ಯರ್ಥವಾಯಿತು ಎಂದು ತಿಳಿಯಬೇಡಿ. ಹಿಂದಕ್ಕೆ ಹೋಗಿ ಕೇಳಬಹುದು. ‘ಒಂಬತ್ತು ತಿಂಗಳ ಹಿಂದೆ’ ಎಂದರೆ ಯಾರಿಗೂ ನೆನಪಿರುವುದಿಲ್ಲ, ‘ಯುಗಾದಿ ಹೊತ್ತಿಗೆ ನಿದ್ದಿ ಹ್ಯಾಂಗಿತ್ತು’ ಎಂದರೆ ನೆನಪಾಗುತ್ತದೆ. ಸ್ವಸಹಾಯ ಸಂಘದ ಉಳಿತಾಯದ ಪುಸ್ತಕ, ಶಾಲೆಯ ಹಾಜರಿ, ಆಸ್ಪತ್ರೆಯ ಚೀಟಿ ಇವೆಲ್ಲ ಆಗಲೇ ಬರೆದಿಟ್ಟ ಸಾಕ್ಷಿಗಳು.

ಎಲ್ಲ ಮನೆಯಲ್ಲೂ ಮೇಲಕ್ಕೇ ಹೋಗಬೇಕೆಂದೂ ಇಲ್ಲ. ಮಗನನ್ನು ಕಳೆದುಕೊಂಡ ಎಪ್ಪತ್ತರ ಆಯಿ, ದಿನಕ್ಕೆರಡು ಹೊತ್ತು ರೊಟ್ಟಿ ತಟ್ಟಿಕೊಂಡು ಉಣ್ಣುತ್ತಿದ್ದಾಳೆ, ಪಿಂಚಣಿ ತಾನೇ ಹೋಗಿ ತರುತ್ತಾಳೆ ಎಂದರೆ ಅದು ಹಾಗೇ ಉಳಿಯುವುದೇ ಗುರಿ. ಅದನ್ನೂ ಗುರಿ ಎಂದು ಬರೆಯಲು ನಿಮಗೆ ಧೈರ್ಯ ಬೇಕು, ಮೇಲಿನವರಿಗೆ ವಿವರಿಸಲು ತಾಳ್ಮೆ ಬೇಕು.

ಇನ್ನು ಆ ಶೇಕಡಾ ಕಾಲಂ. ಅದನ್ನು ನೀವೊಬ್ಬರೇ ತೆಗೆದುಹಾಕಲಾರಿರಿ, ನಿಮ್ಮ ಸಂಸ್ಥೆಗೂ ಮೇಲಿನಿಂದ ಕೇಳುವವರಿರುತ್ತಾರೆ. ಆದರೆ ಎಣಿಸಿ ತುಂಬಬಹುದು. ಈ ಮನೆಯಲ್ಲಿ ಮೂರು ಗುರಿ ಇದ್ದು, ಒಂದು ನಡುವಿನ ಮೆಟ್ಟಿಲು ಮುಟ್ಟಿದೆ, ಒಂದು ಇದ್ದಲ್ಲೇ ಇದೆ, ಒಂದು ಹಿಂದೆ ಸರಿದಿದೆ ಎಂದಿಟ್ಟುಕೊಳ್ಳಿ. ಕಾಲಂನಲ್ಲಿ ಶೇ. 33 ಬರೆದು, ಕೆಳಗೆ ಈ ಒಂದು ವಾಕ್ಯ ಬರೆಯಿರಿ. ಹಿಂದೆ ಸರಿದದ್ದಕ್ಕೆ ಕಾರಣ, ಮುಂದಿನ ತಿಂಗಳು ನೀವು ಬೇರೆ ಏನು ಮಾಡುತ್ತೀರಿ ಎಂಬುದನ್ನೂ ಸೇರಿಸಿ. 60ರ ಜಾಗದಲ್ಲಿ 33 ಕಂಡರೆ ಸೂಪರ್‌ವೈಸರ್ ಕೇಳುತ್ತಾರೆ. ಕೇಳಲಿ. ಒಂಬತ್ತು ತಿಂಗಳಲ್ಲಿ ಮೊದಲ ಸಲ ನಿಮ್ಮಿಬ್ಬರ ನಡುವೆ ಆ ಮನೆಯ ಬಗ್ಗೆ ಮಾತು ನಡೆಯುತ್ತದೆ. ಮೂರು ತಿಂಗಳಾದರೂ ಒಂದು ಗುರಿ ಕದಲದಿದ್ದರೆ ಮೆಟ್ಟಿಲು ಎತ್ತರವಾಯಿತೇ, ಗುರಿ ನಿಜಕ್ಕೂ ಅವರದೇ ಆಗಿತ್ತೇ, ನಮ್ಮ ಪಾಲಿನದ್ದು ಉಳಿದುಹೋಯಿತೇ ಎಂದು ಆ ಕ್ರಮದಲ್ಲೇ ನೋಡಿ.

1981ರಲ್ಲಿ ಜಾರ್ಜ್ ಡೋರನ್ ಕಂಪನಿಗಳ ಮ್ಯಾನೇಜರುಗಳಿಗಾಗಿ ಬರೆದ, ಗುರಿ ನಿರ್ದಿಷ್ಟವಾಗಿ, ಅಳೆಯುವಂತೆ, ಕಾಲಮಿತಿಯೊಳಗೆ ಇರಬೇಕು ಎನ್ನುವ ‘ಸ್ಮಾರ್ಟ್’ (SMART) ಗುರಿಯ ಸೂತ್ರವನ್ನು ನಿಮಗೂ ತರಬೇತಿಯಲ್ಲಿ ಕಲಿಸಿರುತ್ತಾರೆ. ಅದರ ಐದೂ ಅಕ್ಷರ ಉಪಯೋಗಕ್ಕೆ ಬರುತ್ತವೆ. ಆದರೆ ಗುರಿ ಯಾರದು ಎಂಬ ಪ್ರಶ್ನೆ ಆ ಐದರಲ್ಲಿಲ್ಲ. ಮನುಷ್ಯರು ಬರೀ ಅಂಕಿಯಾಗಿಬಿಡುತ್ತಾರೆಂದು ನೀವು ಹೆದರಿದಿರಲ್ಲ, ಅದು ಆಗುವುದು ಅಂಕಿ ನಮ್ಮ ಕಚೇರಿಯಲ್ಲಿ ಹುಟ್ಟಿ ಅಲ್ಲೇ ಉಳಿದಾಗ. ಆ ಜೇವರ್ಗಿಯ ತಾಯಿಯ ನಾಕಾಣೆಯಲ್ಲಿ ಮಗನ ಮುಖ, ಬಾಗಿಲು, ದನ, ಊರ ಮಂದಿಯ ಕಣ್ಣು ಎಲ್ಲ ಇದ್ದವು.

38 ಮನೆಗೂ ಒಮ್ಮೆಲೇ ಹೀಗೆ ಮಾಡಲು ಹೋಗಬೇಡಿ, ಆಗುವುದಿಲ್ಲ. ಐದು ಮನೆ ಆರಿಸಿಕೊಳ್ಳಿ, ಮನೆಗೆ ಎರಡು, ಹೆಚ್ಚೆಂದರೆ ಮೂರು ಗುರಿ. ಈ ಮನೆಯಿಂದಲೇ ಶುರು ಮಾಡಿ. ತಾಯಿ ಹತ್ತಿ ಬಿಡಿಸಿ ಬಂದು, ಒಲೆ ಹಚ್ಚಿ, ಉಸಿರು ಬಿಡುವ ಹೊತ್ತಿಗೆ ಹೋಗಿ. ಫಾರಂ ಚೀಲದಲ್ಲೇ ಇರಲಿ. ಹುಡುಗನ ಜೊತೆ ಮೊದಲು ಮಾತಾಡಿ, ಆಮೇಲೆ ತಾಯಿಯ ಜೊತೆ. ಅವರಂದ ಮಾತನ್ನು ಅವರ ಮಾತಿನಲ್ಲೇ ಬರೆದುಕೊಂಡು ಓದಿ ಹೇಳಿ, ‘ಇದೇ ಅಲ್ರೀ?’ ಎಂದು ಕೇಳಿ. ಫೈಲಿನಲ್ಲಿರುವ ಹಳೆಯ 60ನ್ನು ಅಳಿಸಬೇಡಿ, ಬಿಳಿ ಬಣ್ಣ ಹಚ್ಚಲೂ ಬೇಡಿ. ಅದರ ಪಕ್ಕದಲ್ಲಿ ‘ಇದು ಅಂದಾಜು, ಅಳೆದದ್ದಲ್ಲ. ಅಳತೆ ಇಂದಿನಿಂದ’ ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿ.